ಚೇಂಬರಿನಲ್ಲಿ ಆಯಿಲ್ ಇದೆ, ಪ್ರೆಶರ್ ಇಲ್ಲ: ಉದ್ಯಮಬಾಗಿನಿಂದ ಮೂರನೇ ಕಂತು

ಹೋದ ಕಂತು ಮುಗಿದಾಗ ಎಂಜಿನ್ ಬಿಚ್ಚಿ ಬಿದ್ದಿತ್ತು. ಎರಡನೇ ಸಿಲಿಂಡರಿನ ಬಿಗ್ ಎಂಡ್ ಬೇರಿಂಗ್ (ಕನೆಕ್ಟಿಂಗ್ ರಾಡ್ ಕ್ರ್ಯಾಂಕನ್ನು ಹಿಡಿಯುವ ಕಡೆಯದು) ಮೇಲಿನ ಬೂದು ಬಣ್ಣ ಸವೆದು ತಾಮ್ರ ಕಾಣುತ್ತಿತ್ತು. ಉಗುರು ಆಡಿಸಿದರೆ ಗೆರೆ ಸಿಗುತ್ತಿತ್ತು. ಇನ್ನು ಹತ್ತು ಸುತ್ತು ಓಡಿಸಿದ್ದರೆ ಕನೆಕ್ಟಿಂಗ್ ರಾಡ್ ಬ್ಲಾಕ್ ಒಡೆದು ಹೊರಗೆ ಬರುತ್ತಿತ್ತೋ ಏನೋ.

ಹೊಸಬರಿಗೆ ಎರಡು ಮಾತು. ಉದ್ಯಮಬಾಗ್ ಅಂದರೆ ನಮ್ಮೂರು ಬೆಳಗಾವಿಯ ಕೈಗಾರಿಕಾ ಪ್ರದೇಶ. ಗಾಡಿ ಹಳೆಯ 1300 ಸಿಸಿ ಸೆಡಾನ್. ಹೆಸರು ಬೇಡ, ಮಾಡಿದವರ ತಪ್ಪೇನೂ ಇಲ್ಲ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಗೋಕಾಕ್ ಫಾಲ್ಸ್ ನೋಡಿ ಬರಲು ಮಾಡಿದ ಗಾಡಿ ಅದು. ಅದನ್ನು ಟ್ರ್ಯಾಕಿಗೆ ಒಯ್ದದ್ದು ನಾನು. ನಮ್ಮೂರ ಪಕ್ಕ ಹಾಯುವ ಹೆದ್ದಾರಿ 48ನ್ನೇ ಹಿಡಿದು ಬೆಂಗಳೂರು ದಾಟಿ ಹೋದರೆ, ಚೆನ್ನೈ ಇನ್ನೂ ಸ್ವಲ್ಪ ದೂರ ಇರುವಾಗ ಇರುಂಗಾಟ್ಟುಕೋಟೈ ಟ್ರ್ಯಾಕ್ ಸಿಗುತ್ತದೆ. ಒಂದು ಸುತ್ತಿಗೆ ಸುಮಾರು 3.7 ಕಿ.ಮೀ. ಅಲ್ಲಿನ ಉದ್ದ ತಿರುವುಗಳಲ್ಲೇ ನನ್ನ ಬೇರಿಂಗ್ ಸವೆದದ್ದು.

ಮೊದಲು ನಾನು ಬೈದದ್ದು ಆಯಿಲ್ ಪಂಪನ್ನು, ಬೇರಿಂಗಿಗೆ ಪ್ರೆಶರಿನಲ್ಲಿ ಆಯಿಲ್ ಕೊಡುವುದು ಅದೇ ತಾನೆ. ಹೊಸ ಪಂಪ್ ಹಾಕಿದೆ. ದಪ್ಪ ಇರಲಿ ಅಂತ 20ಡಬ್ಲ್ಯೂ-50 ಆಯಿಲ್ ಸುರಿದೆ. ಐಡ್ಲಿಂಗ್‌ನಲ್ಲಿ ಗೇಜ್ ಚೆನ್ನಾಗಿ ಮೇಲೇರಿತು, ಖುಷಿಯಾಯಿತು. ಸುಮ್ನೆ ದುಡ್ಡು ದಂಡ. ನಮ್ಮ ವೆಲ್ಡಿಂಗ್ ಕಾಕಾ ಕೇಳಿದ ಒಂದೇ ಪ್ರಶ್ನೆ: "ಪಂಪ್ ಏನ್ ಮಾಡತೈತೋ ತಮ್ಮಾ, ಕುಡಿಯಾಕ ಎಣ್ಣಿ ಸಿಗಬೇಕಲ್ಲ?"

ಅಷ್ಟೇ ವಿಷಯ. ಆಯಿಲ್ ನಿಲ್ಲುವುದು ಎಂಜಿನ್ ತಳದ ಚೇಂಬರಿನಲ್ಲಿ. ಗಾಡಿ ಬಲಕ್ಕೆ ತಿರುಗಿದರೆ ಆಯಿಲ್ ಎಡಕ್ಕೆ ಓಡುತ್ತದೆ. ತಿರುವಿನ ಜೋರು ಒಂದು 'ಜಿ', ಅಂದರೆ ಭೂಮಿ ಎಳೆಯುವಷ್ಟೇ ಇದ್ದರೆ ಆಯಿಲ್ ಮಟ್ಟ ನೇರ 45 ಡಿಗ್ರಿ ವಾಲುತ್ತದೆ. 0.8 ಜಿ ಅಂದರೂ 39 ಡಿಗ್ರಿ. ಅಗಲವಾದ, ಆಳ ಇಲ್ಲದ ಚೇಂಬರ್ ಅಂದರೆ ಸಾರು ತುಂಬಿದ ತಾಟು ಇದ್ದಂಗೆ. ಒಂದು ಕಡೆ ಅಂಚು ಮುಟ್ಟಿದಾಗ ಇನ್ನೊಂದು ಕಡೆ ತಳ ಕಾಣುತ್ತದೆ. ಆ ತಳ ಕಾಣುವ ಜಾಗದಲ್ಲಿ ಸ್ಟ್ರೈನರ್ (ಪಂಪ್ ಆಯಿಲ್ ಹೀರುವ ಜಾಳಿಗೆ ಬಾಯಿ) ಇದ್ದರೆ ಪಂಪ್ ಗಾಳಿ ಎಳೆಯುತ್ತದೆ. ಜಾಸ್ತಿ ಆರ್‌ಪಿಎಂನಲ್ಲಿ ಒಂದಷ್ಟು ಆಯಿಲ್ ಮೇಲೆ ಹೆಡ್ಡಿನಲ್ಲೇ ಉಳಿದಿರುತ್ತದೆ, ಕೆಳಗೆ ಮೊದಲೇ ಕಡಿಮೆ. (ಪುಸ್ತಕದಲ್ಲಿ ಚೇಂಬರಿಗೆ ಸಂಪ್ ಅಂತಾರೆ. ನಮಗೆ ಸಂಪ್ ಅಂದ್ರೆ ಮನೆ ಮುಂದಿನ ನೀರಿನ ತೊಟ್ಟಿ. ನಾನು ಚೇಂಬರ್ ಅಂತಲೇ ಬರೆಯುತ್ತೇನೆ.)

ಡ್ಯಾಶ್‌ಬೋರ್ಡಿನ ಕೆಂಪು ದೀಪ ನಂಬಬೇಡಿ. ಅದು ಹತ್ತುವುದು ಪ್ರೆಶರ್ ಐದಾರು ಪಿಎಸ್‌ಐಗೆ ಇಳಿದ ಮೇಲೆ. 6000 ಆರ್‌ಪಿಎಂನಲ್ಲಿ ಅಷ್ಟು ಇಳಿಯಿತು ಅಂದ್ರೆ ಬೇರಿಂಗ್ ಕಥೆ ಮುಗಿದಿರುತ್ತದೆ. ಹಾಗಾಗಿ ಶುರುವಿನಲ್ಲೇ ಆ ದೀಪದ ಸ್ವಿಚ್ ಇರುವ ಜಾಗಕ್ಕೆ 'ಟಿ' ಆಕಾರದ ಫಿಟಿಂಗ್ ಹಾಕಿ ಪ್ರೆಶರ್ ಗೇಜ್ ಕೂರಿಸಿದ್ದೆ. ಅದರಲ್ಲೂ ಒಂದು ಎಡವಟ್ಟು. ಗೇಜ್ ಜೊತೆ ಬಂದ ಅಡಾಪ್ಟರ್ ಎರಡು ಸುತ್ತು ತಿರುಗಿ ಬಿಗಿಯಾಯಿತು. ನೋಡಿದರೆ ಅದು ಎನ್‌ಪಿಟಿ, ಅಮೆರಿಕದ ಅಳತೆ, ಇಂಚಿಗೆ 27 ಥ್ರೆಡ್. ಬ್ಲಾಕಿನದು 1/8 ಬಿಎಸ್‌ಪಿಟಿ, ಬ್ರಿಟಿಷ್ ಅಳತೆ, 28 ಥ್ರೆಡ್. ಪಾನಾ ಹಾಕಿ ಒತ್ತಿದ್ದರೆ ಬ್ಲಾಕೇ ಸೀಳುತ್ತಿತ್ತು. ಹೈಡ್ರಾಲಿಕ್ ಕೆಲಸದ ಊರಲ್ಲಿರುವ ಸುಖ ಏನಂದ್ರೆ, ಸರಿಯಾದ ಫಿಟಿಂಗ್ ಉದ್ಯಮಬಾಗಿನ ಮೊದಲ ಅಂಗಡಿಯಲ್ಲೇ ಸಿಕ್ಕಿತು.

ಹೊಸ ಬೇರಿಂಗ್ ಹಾಕಿ, ಬೇಕೆಂದೇ ಹಳೆಯ ಚೇಂಬರನ್ನೇ ಕೂರಿಸಿ ಅಳತೆ ತೆಗೆದೆ. ಪರಿಚಯದವರ ಕಾರ್ಖಾನೆ ಅಂಗಳ ಭಾನುವಾರ ಖಾಲಿ. ಸುಣ್ಣದಲ್ಲಿ 15 ಮೀಟರ್ ತ್ರಿಜ್ಯದ ವೃತ್ತ ಎಳೆದೆ. ಅದರ ಮೇಲೆ 39 ಕಿ.ಮೀ. ವೇಗ ಹಿಡಿದರೆ 0.8 ಜಿ ಬರುತ್ತದೆ, ಒಂದು ಸುತ್ತಿಗೆ ಒಂಬತ್ತು ಸೆಕೆಂಡೂ ಬೇಡ. ಎರಡನೇ ಗೇರ್, 2800 ಆರ್‌ಪಿಎಂ, ಫೋನಿನ ಕ್ಯಾಮೆರಾ ಗೇಜ್ ಮುಂದೆ. ಎಡಕ್ಕೆ ಸುತ್ತಿದಾಗ ಮುಳ್ಳು 42 ಪಿಎಸ್‌ಐನಲ್ಲೇ ನಿಂತಿತ್ತು. ಬಲಕ್ಕೆ ಸುತ್ತಿದಾಗ ಮೂರು ಸೆಕೆಂಡ್ ಸುಮ್ಮನಿತ್ತು, ನಾಲ್ಕನೆಯದಕ್ಕೆ ನಡುಗಿ 12ಕ್ಕೆ ಬಿತ್ತು. ತಕ್ಷಣ ಕ್ಲಚ್ ಒತ್ತಿದೆ. ಮೂರು ಸಲ ಮಾಡಿದೆ, ಮೂರು ಸಲವೂ ಅದೇ. ಪಂಪ್ ಪಾಪ, ನಿರಪರಾಧಿ.

ಈಗ ಇಲಾಜು. ನಮ್ಮಜ್ಜಿ ಕೊಡದಲ್ಲಿ ನೀರು ತರುವಾಗ ಬಾಯಿಗೆ ನಾಲ್ಕು ಎಲೆ ಹಾಕುತ್ತಿದ್ದಳು, ತುಳುಕಬಾರದು ಅಂತ. ಬ್ಯಾಫಲ್ ಅಂದರೆ ಅದೇ ಜಾತಿ. ಸ್ಟ್ರೈನರ್ ಸುತ್ತ 1.6 ಎಂಎಂ ಪತ್ರಾದಲ್ಲಿ ಒಂದು ಪೆಟ್ಟಿಗೆ. ಗೋಡೆಗಳಿಗೆ ಸಣ್ಣ ಬಾಗಿಲು, ಒಳಕ್ಕೆ ಮಾತ್ರ ತೆರೆಯುವಂಥದ್ದು. ಆಯಿಲ್ ಒಳಗೆ ಬರಬಹುದು, ಹೊರಗೆ ಓಡಲು ಹೋದರೆ ಬಾಗಿಲು ತಾನೇ ಮುಚ್ಚಿಕೊಳ್ಳುತ್ತದೆ. ಬಾಗಿಲಿಗೆ ರಬ್ಬರ್ ಹಾಕಲಿಲ್ಲ, ಬಿಸಿ ಆಯಿಲ್‌ನಲ್ಲಿ ಸೆಟೆಯುತ್ತದೆ. ಪತ್ರಾ ಬಾಗಿಲಿಗೇ ಬಿಜಾಗ್ರಿ ಮಾಡಿ, ಪಿನ್ನಿನ ಎರಡೂ ತುದಿಗೆ ವೆಲ್ಡಿಂಗ್ ಚುಕ್ಕೆ ಇಡಿಸಿದೆ. ಆ ಪಿನ್ ಕಳಚಿ ಬಿದ್ದರೆ ಹೋಗುವುದು ಸ್ಟ್ರೈನರ್ ಬಾಯಿಗೇ, ಅಲ್ವಾ?

ಸ್ಟ್ರೈನರಿಗೂ ತಳಕ್ಕೂ ಎಷ್ಟು ಸಂದು ಇದೆ ಅಂತ ಹೊರಗಿನಿಂದ ಕಾಣುವುದಿಲ್ಲ. ಅವ್ವ ಹೋಳಿಗೆಗೆ ನಾದಿಟ್ಟ ಕಣಕದಲ್ಲಿ ಒಂದು ಉಂಡೆ ಕದ್ದೆ. ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಚೇಂಬರ್ ತಳಕ್ಕಿಟ್ಟು, ಪ್ಯಾಕಿಂಗ್ ಸಮೇತ ನಾಲ್ಕು ಬೋಲ್ಟ್ ಬಿಗಿದು ಬಿಚ್ಚಿದೆ. ಸ್ಟ್ರೈನರಿನ ಅಚ್ಚು ಮುದ್ರೆ ಒತ್ತಿದ ಹಾಗೆ ಮೂಡಿತ್ತು. ವರ್ನಿಯರ್ ಹಿಡಿದರೆ 9 ಎಂಎಂ. ಸಾಕು. ಅವ್ವನಿಗೆ ಗೊತ್ತಾಗಿ, "ಎಂಜಿನ್ನಿಗೂ ಹೋಳಿಗಿ ಮಾಡಿ ಹಾಕು ಹಂಗಾರ" ಅಂದಳು.

ಮೊದಲ ವೆಲ್ಡಿಂಗ್ ಕೆಟ್ಟಿತು. ತಪ್ಪು ನನ್ನದೇ. ಅವಸರ ಮಾಡಿ ಬರಿ ಚೇಂಬರನ್ನೇ ಕಾಕಾನ ಮುಂದಿಟ್ಟೆ. ಬಿಸಿಗೆ ಅಂಚು ಸೊಟ್ಟಾಯಿತು, ಗಾಜಿನ ಮೇಲಿಟ್ಟರೆ ಕುರ್ಚಿ ಕಾಲು ಮೋಟಾದಂತೆ ಕುಣಿಯುತ್ತಿತ್ತು. ಬಡಿದು ನೇರ ಮಾಡಿ, ಎರಡನೇ ಸಲ 12 ಎಂಎಂ ಪ್ಲೇಟಿಗೆ ಎಲ್ಲ ಬೋಲ್ಟ್ ಬಿಗಿದು, ಒಂದೊಂದೇ ಇಂಚು ಸಿಒಟು ವೆಲ್ಡಿಂಗ್ ಮಾಡಿಸಿ, ಆರಿದ ಮೇಲೆ ಬಿಚ್ಚಿದೆವು. ಸೋರುತ್ತದಾ ನೋಡಲು ಹೊರಗೆಲ್ಲ ಸೀಮೆಸುಣ್ಣ ಬಳಿದು ಒಳಗೆ ಚಿಮಣಿ ಎಣ್ಣೆ ಹಾಕಿಟ್ಟೆವು. ಚಹಾ ಕುಡಿದು ಬರುವಷ್ಟರಲ್ಲಿ ಒಂದು ಮೂಲೆಯಲ್ಲಿ ಸಾಸಿವೆ ಕಾಳಿನಷ್ಟು ಒದ್ದೆ ಚುಕ್ಕೆ. ಅಲ್ಲಿಗೆ ಇನ್ನೊಂದು ಟಾಕಿ. ಎಲ್ಲ ಮುಗಿದು ಪೆಟ್ಟಿಗೆಯ ಮುಚ್ಚಳ ಕೂತ ಮೇಲೆ ನೆನಪಾಯಿತು, ಡಿಪ್‌ಸ್ಟಿಕ್ ಇಳಿಯಲು ತೂತೇ ಇಲ್ಲ. ಮತ್ತೆ ಡ್ರಿಲ್.

ಮೊನ್ನೆ ಭಾನುವಾರ ಅದೇ ವೃತ್ತ, ಅದೇ ವೇಗ. ಆಯಿಲ್ ಮೇಲಿನ ಗೆರೆಗಿಂತ 300 ಎಂಎಲ್ ಜಾಸ್ತಿ ಇಟ್ಟಿದ್ದೆ. ಅದಕ್ಕಿಂತ ಹೆಚ್ಚು ಹಾಕಲು ಧೈರ್ಯ ಇಲ್ಲ, ಕ್ರ್ಯಾಂಕ್ ಹೊಡೆದು ನೊರೆ ಎಬ್ಬಿಸುತ್ತದೆ. ನೊರೆ ಅಂದ್ರೆ ಮತ್ತೆ ಗಾಳಿಯೇ. ಬಲಕ್ಕೆ ಮೂರು ಸುತ್ತು ಪೂರ್ತಿ ಹೊಡೆದೆ. ಅತಿ ಕಡಿಮೆ ಕಂಡದ್ದು 38.

ಆದರೆ ವಿಡಿಯೋ ನಿಧಾನಕ್ಕೆ ಓಡಿಸಿ ನೋಡಿದಾಗ ಇನ್ನೊಂದು ಸಿಕ್ಕಿತು. ಜೋರಾಗಿ ಬ್ರೇಕ್ ಒತ್ತಿ ಹಾಗೆಯೇ ಬಲಕ್ಕೆ ತಿರುಗಿಸಿದರೆ ಅರ್ಧ ಸೆಕೆಂಡ್ 26ಕ್ಕೆ ಇಳಿದು ಏರುತ್ತದೆ. ಮುಂದಿನ ಗೋಡೆಯ ಬಾಗಿಲು ಪೂರ್ತಿ ಮುಚ್ಚುತ್ತಿಲ್ಲ ಅಂತ ನನ್ನ ಅನುಮಾನ. ಸಿಲಿಂಡರ್, ಪಿಸ್ಟನ್, ಒಂದು ಬದಿ ಗಾಳಿ, ಇನ್ನೊಂದು ಬದಿ ಆಯಿಲ್ ಇರುವ ಅಕ್ಯುಮ್ಯುಲೇಟರ್ ಹಾಕು ಅಂತ ಗೆಳೆಯರು ಹೇಳುತ್ತಿದ್ದಾರೆ. ಪ್ರೆಶರ್ ಬಿದ್ದ ಕೂಡಲೇ ಅದು ತನ್ನೊಳಗಿನ ಆಯಿಲ್ ತಳ್ಳಿ ಆ ಒಂದೆರಡು ಸೆಕೆಂಡ್ ದಾಟಿಸುತ್ತದೆ. ಒಳ್ಳೆಯ ಸಾಮಾನು, ನಮ್ಮೂರಲ್ಲಿ ಹೊಸದೂ ಅಲ್ಲ. ಆಯಿಲನ್ನು ಚೇಂಬರಿನ ಬದಲು ಬೇರೆ ಟ್ಯಾಂಕಿನಲ್ಲಿ ಇಡುವ ಡ್ರೈ ಸಂಪ್ ಮಾತು ಬಿಡಿ, ಗಾಡಿಗಿಂತ ಅದೇ ತುಟ್ಟಿ. ನಾನು ಮಾತ್ರ ಮೊದಲು ಬಾಗಿಲು ನೋಡುತ್ತೇನೆ. ಶನಿವಾರ ಚೇಂಬರ್ ಮತ್ತೆ ಇಳಿಯುತ್ತದೆ, ಕಾಕಾನಿಗೆ ಹೇಳಿಟ್ಟಿದ್ದೇನೆ. ಗೇಜ್ ಪಕ್ಕ 20 ಪಿಎಸ್‌ಐಗೆ ಹತ್ತುವ ದೊಡ್ಡ ಕೆಂಪು ದೀಪದ ವೈರಿಂಗ್ ಕೂಡ ಅವತ್ತೇ.