ಕೊಸರಿನ ಲೆಕ್ಕ

26 ನವೆಂಬರ್ 2024, ಮಂಗಳವಾರ

ನಿನ್ನೆ ಕಡೆಯ ಕಾರ್ತಿಕ ಸೋಮವಾರವಾದ್ದರಿಂದ ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಂದು ಮಧ್ಯಾಹ್ನ ಜನಸಂದಣಿ ಸ್ವಲ್ಪ ತಗ್ಗಿದ್ದಾಗ ಬುಲ್ ಟೆಂಪಲ್ ರಸ್ತೆಗೆ ಹೋಗಿ, ಬಿ.ಎ. ಮಾನವಶಾಸ್ತ್ರದ ಕ್ಷೇತ್ರಕಾರ್ಯಕ್ಕಾಗಿ ಮೂರು ಗಂಟೆ ಕುಳಿತು ಬಂದೆ. ನಾನು ಆರಿಸಿಕೊಂಡಿರುವ ವಿಷಯ, ಅಳೆದು ಕೊಟ್ಟ ಮೇಲೆ ಹಾಕುವ ಕೊಸರು.

ಪ್ರಶ್ನಾವಳಿ ಹಿಡಿದು ಹೋದದ್ದು ನನ್ನ ಪೆದ್ದುತನ. ಚಿಂತಾಮಣಿ ಕಡೆಯಿಂದ ಬಂದಿದ್ದ ಅಮ್ಮನೊಬ್ಬರನ್ನು ಕೊಸರು ಏಕೆ ಹಾಕುತ್ತೀರಿ ಎಂದು ಕೇಳಿದರೆ, ಅವರು "ಹಾಕ್ಬೇಕಲ್ವೇನವ್ವಾ, ಹಾಕ್ತೀವಿ" ಎಂದು ಮುಂದಿನ ಗಿರಾಕಿಯ ಕಡೆ ತಿರುಗಿದರು. ಉಳಿದ ಒಂಬತ್ತು ಪ್ರಶ್ನೆಗಳನ್ನು ಮಡಿಚಿ ಚೀಲಕ್ಕೆ ಹಾಕಿ, ರಾಶಿಯ ಹಿಂದೆ ಕುಳಿತು ಕವರ್ ಬಿಡಿಸಿ ಹಿಡಿಯುವ ಕೆಲಸಕ್ಕೆ ಸೇರಿಕೊಂಡೆ.

ಸೇರನ್ನು ರಾಶಿಯೊಳಗೆ ಅದ್ದಿ ಎತ್ತಿದಾಗ ಮೇಲೊಂದು ಗೋಪುರ ನಿಲ್ಲುತ್ತದೆ. ಅದರಿಂದ ಎರಡು ಮೂರು ಕಾಯಿ ಉರುಳಿದರೂ ಯಾರೂ ಲೆಕ್ಕಕ್ಕೆ ತರುವುದಿಲ್ಲ. ಹಣ ಕೈಸೇರಿದ ಮೇಲೆ, ಫೋನಿನಲ್ಲಿ ಕೊಟ್ಟವರದಾದರೆ ಪುಟ್ಟ ಪೆಟ್ಟಿಗೆ ಮೊತ್ತವನ್ನು ಕೂಗಿ ಹೇಳಿದ ಮೇಲೆ, ಬರಿಗೈಯಲ್ಲಿ ಒಂದು ಹಿಡಿ ಬೀಳುತ್ತದೆ. ಚೌಕಾಸಿ ಮಾಡಿದವರಿಗೆ ಹಿಡಿ ಚಿಕ್ಕದಾಗುತ್ತದೆ. ಮಕ್ಕಳೊಂದಿಗೆ ಬಂದವರಿಗೆ ಅದು ನೇರವಾಗಿ ಮಗುವಿನ ಬೊಗಸೆಗೆ ಹೋಗುತ್ತದೆ. ಪಕ್ಕದಲ್ಲಿ ಎಲೆಕ್ಟ್ರಾನಿಕ್ ತಕ್ಕಡಿ ಇಟ್ಟುಕೊಂಡವರು ಕೂಡ, ಅಂಕಿ ನಿಂತು ಕವರ್ ಕೆಳಗಿಳಿದ ನಂತರವೇ ನಾಲ್ಕು ಕಾಯಿ ಹಾಕುತ್ತಿದ್ದರು.

ಉಡುಗೊರೆಯಲ್ಲಿ ಕೊಡುವುದು, ಸ್ವೀಕರಿಸುವುದು, ಹಿಂದಿರುಗಿಸುವುದು ಮೂರೂ ಕಟ್ಟುಪಾಡುಗಳೆಂದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1925ರ ಪ್ರಬಂಧದಲ್ಲಿ ವಾದಿಸಿದ್ದನ್ನು ತರಗತಿಯಲ್ಲಿ ದೂರದ ದ್ವೀಪಗಳ ಉದಾಹರಣೆಯೊಂದಿಗೆ ಬರೆದುಕೊಂಡಿದ್ದೆ. ಇಂದು ಹೆಂಗಸೊಬ್ಬರು "ಕೊಸರೆಲ್ಲಿ?" ಎಂದು ಕಟ್ಟಿದ ಕವರಿನ ಬಾಯಿಯನ್ನು ಮತ್ತೆ ಬಿಚ್ಚಿ ಹಿಡಿದಾಗ ಮೊದಲನೆಯ ಕಟ್ಟುಪಾಡು ಕಣ್ಣೆದುರೇ ಇತ್ತು. ಹಿಂದಿರುಗಿಸುವುದು ಎಲ್ಲಿದೆ ಎಂಬುದು ಮಾತ್ರ ತಿಳಿಯಲಿಲ್ಲ, ಏಕೆಂದರೆ ಪರಿಷೆ ವರ್ಷಕ್ಕೊಮ್ಮೆ. ಆದರೂ ಇಬ್ಬರು "ಹೋದ ವರ್ಷಾನೂ ನಿಮ್ಮ ಹತ್ರಾನೇ ತಗೊಂಡಿದ್ವಿ" ಎಂದರು, ಅವರಿಗೆ ಬಿದ್ದದ್ದು ಎರಡು ಹಿಡಿ.

ಹಿಂದೆ ಇಲ್ಲಿದ್ದ ಸುಂಕೇನಹಳ್ಳಿಯಲ್ಲಿ ರಾತ್ರಿ ಬಸವ ಬಂದು ಕಡಲೆಕಾಯಿ ಬೆಳೆ ಮೇಯುತ್ತಿದ್ದನೆಂಬ ಕಥೆಯನ್ನು ಕೇಳದೆಯೇ ಹಲವರು ಹೇಳಿದರು. ಕಡಲೆಕಾಯಿಯ ತವರು ದಕ್ಷಿಣ ಅಮೆರಿಕವೆಂದು ಬಲ್ಲವರಿಗೆ ಕಥೆಯ ಕಾಲದ ಬಗ್ಗೆ ಅನುಮಾನ ಬರಬಹುದು, ನನ್ನ ವರದಿಗೆ ಮೊದಲ ಬೆಳೆ ಬಸವನಿಗೆ ಸಲ್ಲಬೇಕೆಂಬ ಮಾತಷ್ಟೇ ಸಾಕು.

ಮನೆಗೆ ಬಂದು ನೋಡಿದರೆ ಧ್ವನಿಮುದ್ರಣದಲ್ಲಿ ಪೀಪಿಯ ಸದ್ದು ಬಿಟ್ಟು ಮತ್ತೇನೂ ಇಲ್ಲ. ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ 1948ರಲ್ಲಿ ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸರು ಮಾಡಿದ ಕ್ಷೇತ್ರಕಾರ್ಯದಿಂದ ಸಿದ್ಧಪಡಿಸಿದ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡಿನ ಬೆಂಕಿಗೆ ಸಿಕ್ಕವು. ಅವರು ಆ ಹಳ್ಳಿಯನ್ನು ನೆನಪಿನಿಂದ ಬರೆದರು. ಮೂರು ಗಂಟೆಯ ಕೆಲಸಕ್ಕೆ ಈ ಹೋಲಿಕೆ ಅತಿಯಾಯಿತು, ಆದರೆ ನಿದ್ದೆ ಬರುವ ಮೊದಲೇ ಇದನ್ನು ಬರೆಯುತ್ತಿರುವುದು ಆ ಹೆದರಿಕೆಯಿಂದಲೇ.

ಹೊರಡುವಾಗ ಆ ಅಮ್ಮ ಏನೂ ಕೊಳ್ಳದ ನನ್ನ ದುಪಟ್ಟಾದ ಸೆರಗಿಗೆ ಎರಡು ಹಿಡಿ ಸುರಿದು "ಕೊಸರು ಕಣವ್ವಾ" ಎಂದು ನಕ್ಕರು. ಸೇರೇ ಅಳೆಯದೆ ಬಂದ ಕೊಸರನ್ನು ಕೋಷ್ಟಕದ ಯಾವ ಸಾಲಿಗೆ ಹಾಕಲಿ? ಸದ್ಯಕ್ಕೆ ‘ಇತರೆ’ ಎಂದು ಬರೆದು, ಪಕ್ಕದಲ್ಲಿ ‘ಕೂಲಿಯೇ?’ ಎಂದು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದ್ದೇನೆ.