ಮೊಂಡು ಕತ್ತಿ ಹುಡುಕಿದ್ದು

ಎರಡು ಆಡಿನ ಚರ್ಮ ಹಾಳು ಮಾಡಿದ ಮೇಲೆ ನನಗೆ ಬುದ್ಧಿ ಬಂತು. ಚರ್ಮಕ್ಕೆ ಅಂಟಿದ ಮಾಂಸ ತೆಗೆಯೋ ಕತ್ತಿ ಹರಿತ ಇರಬಾರದು.

ನಾನು ಗೋವಾದ ಫೋಂಡಾದಲ್ಲಿ ಪ್ಲಂಬರ್. ಊರು ಬೈಲಹೊಂಗಲದ ಹತ್ತಿರ. ಅಪ್ಪ ಊರಲ್ಲಿ ಹಲಗೆ ವಾದ್ಯಕ್ಕೆ ಚರ್ಮ ಕಟ್ಟುತ್ತಿದ್ದರು. ಈ ಮಾತು ಯಾವಾಗಲೋ ಬಾಯಿ ತಪ್ಪಿ ಪಕ್ಕದ ಮನೆಯ ಕೊಂಕಣಿ ಗೆಳೆಯನ ಮುಂದೆ ಆಡಿದ್ದೆ. ಹೋದ ವರ್ಷ ಚೌತಿಗೆ ತಿಂಗಳಿದೆ ಅನ್ನುವಾಗ ಅವನು ಬರಿ ಮಡಕೆ ಹಿಡಿದುಕೊಂಡು ಬಾಗಿಲಿಗೆ ಬಂದ. ಇದಕ್ಕೆ ಚರ್ಮ ಹಾಕಿ ಕೊಡು ಅಂದ.

ಮಡಕೆ ಅಂದರೆ ಘುಮಟ್. ಎರಡು ಬಾಯಿಯ ಮಣ್ಣಿನ ವಾದ್ಯ. ದೊಡ್ಡ ಬಾಯಿಗೆ ಚರ್ಮ, ಸಣ್ಣ ಬಾಯಿ ಖಾಲಿ. ಒಂದು ಕೈಯಲ್ಲಿ ಬಾರಿಸುತ್ತಾ ಇನ್ನೊಂದು ಕೈಯಿಂದ ಸಣ್ಣ ಬಾಯಿ ಮುಚ್ಚಿ ತೆಗೆದು ದನಿ ತಿರುಗಿಸುತ್ತಾರೆ. ಇಲ್ಲಿ ಚೌತಿ ಆರತಿಗೆ ಅದು ಬೇಕೇ ಬೇಕು. 2019ರಲ್ಲಿ ಗೋವಾ ಸರ್ಕಾರ ಅದನ್ನು ರಾಜ್ಯದ ಪಾರಂಪರಿಕ ವಾದ್ಯ ಅಂತ ಸಾರಿದೆ. ಮೊದಲೆಲ್ಲಾ ಉಡದ ಚರ್ಮ ಹಾಕುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಇರುವಾಗ ಈಗ ಉಡ ಹಿಡಿದರೆ ಜೈಲೇ ಗತಿ. ಹಾಗಾಗಿ ಆಡಿನ ಚರ್ಮ.

ನಾನು ಹೂಂ ಅಂದುಬಿಟ್ಟೆ. ಅಪ್ಪ ಕಟ್ಟುವುದನ್ನು ಕೂತು ನೋಡಿದ್ದು ನಿಜ, ಕೈ ಹಚ್ಚಿದ್ದು ಸುಳ್ಳು.

ಮಟನ್ ಅಂಗಡಿಯಿಂದ ಹಸಿ ಚರ್ಮ ತಂದೆ. ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಸುಣ್ಣದ ನೀರು ಮಾಡಿ ಮುಳುಗಿಸಿದೆ. ದಿನಕ್ಕೆ ಎರಡು ಸಲ ಕೋಲಿನಿಂದ ತಿರುವಿದೆ. ಐದನೇ ದಿನ ಹೆಬ್ಬೆರಳಿನಿಂದ ಒತ್ತಿದರೆ ಕೂದಲು ಜಾರಿ ಬಂತು. ಇಷ್ಟರಲ್ಲಿ ಏನೂ ಕಷ್ಟವಿಲ್ಲ, ವಾಸನೆ ಒಂದು ಬಿಟ್ಟರೆ. ಹೆಂಡತಿ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಕಷ್ಟ ಶುರುವಾಗಿದ್ದು ಚರ್ಮ ತಿರುಗಿಸಿದ ಮೇಲೆ. ಒಳಮೈಗೆ ಮಾಂಸದ ಎಳೆ, ಕೊಬ್ಬು, ತೆಳ್ಳಗಿನ ಬಿಳಿ ಪೊರೆ ಅಂಟಿರುತ್ತವೆ. ಅಷ್ಟೂ ಹೋಗಬೇಕು. ಕೊಬ್ಬು ಉಳಿದ ಕಡೆ ಚರ್ಮ ಹಳದಿಯಾಗುತ್ತದೆ, ಸರಿಯಾಗಿ ಒಣಗುವುದೇ ಇಲ್ಲ. ಗೋವಾದ ಮಳೆಗಾಲದಲ್ಲಿ ಅದರ ಮೇಲೆ ಬೂಸ್ಟು ಬರುವುದಕ್ಕೆ ಜಾಸ್ತಿ ದಿನ ಬೇಡ.

ಮೊದಲ ಚರ್ಮಕ್ಕೆ ಅಡುಗೆ ಮನೆಯ ಚಾಕು ಹಿಡಿದೆ. ಹತ್ತೇ ನಿಮಿಷ. ಚಾಕುವಿನ ಮೂತಿ ಪಕ್ಕೆಯ ಹತ್ತಿರ ಚುಚ್ಚಿ ಆ ಕಡೆ ಬಂತು. ಕಾಲು ಸೇರುವ ಜಾಗ, ಪಕ್ಕೆ, ಹೊಟ್ಟೆ, ಇಲ್ಲೆಲ್ಲಾ ಚರ್ಮ ತೀರಾ ತೆಳು. ಎರಡನೆಯದಕ್ಕೆ ಚಪ್ಪಲಿ ಹೊಲಿಯುವ ಮಾವನ ರಂಪಿಗೆ ಬೇಡಿ ತಂದೆ. ಅದು ಒಣ ಚರ್ಮವನ್ನು ಕಲ್ಲಿನ ಮೇಲಿಟ್ಟು ಸೀಳುವುದಕ್ಕೆ ಮಾಡಿದ್ದು. ಅಷ್ಟು ಹರಿತ. ಸುಣ್ಣದಲ್ಲಿ ಉಬ್ಬಿದ ಒದ್ದೆ ಚರ್ಮಕ್ಕೆ ತಾಗಿಸಿದರೆ ಪೊರೆ ಯಾವುದು, ಚರ್ಮ ಯಾವುದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ತೂತು ಬೀಳಲಿಲ್ಲ, ಆದರೆ ಗೀರುಗಳು ಬಿದ್ದವು. ಪರವಾಗಿಲ್ಲ ಅಂತ ಮಡಕೆಗೆ ಎಳೆದು ಕಟ್ಟಿದೆ. ಮರುದಿನ ಒಣಗುತ್ತಾ ಬಿಗಿಯಾಗುವಾಗ ಒಂದು ಗೀರು ಟಪ್ ಅಂತ ಬಾಯಿ ಬಿಟ್ಟಿತು.

ಅಪ್ಪನಿಗೆ ಫೋನ್ ಹಚ್ಚಿದೆ. ಅವರು ನಕ್ಕರು.

“ತಮ್ಮಾ, ನೀ ತೊಗಲು ಕೊಯ್ಯಾಕ ಹತ್ತೀದಿ. ಕೊಯ್ಯಬಾರದೋ, ದೂಡಬೇಕು.”

ಅವತ್ತು ರಾತ್ರಿ ಫೋನಿನಲ್ಲಿ ವಿಡಿಯೋ ಹುಡುಕುತ್ತಾ ಕೂತಾಗ ಅಮೆರಿಕದವನೊಬ್ಬ ಸಿಕ್ಕಿದ. ರಕೂನ್ ಚರ್ಮ ಕೆರೆಯುತ್ತಿದ್ದ. ರಕೂನ್ ಅಂದರೆ ಕಣ್ಣಿನ ಸುತ್ತ ಕಪ್ಪು ಪಟ್ಟಿ ಇರುವ, ಕಳ್ಳನ ಮುಖದ ಪ್ರಾಣಿ. ಅದರ ಚರ್ಮವನ್ನು ಹೊಟ್ಟೆ ಸೀಳದೆ, ಬನಿಯನ್ ಕಳಚಿದ ಹಾಗೆ ಸುಲಿದು, ಒಳಮೈ ಹೊರಗೆ ಮಾಡಿ ಮರದ ದಿಮ್ಮಿಗೆ ತೊಡಿಸಿದ್ದ. ಕೊಬ್ಬು ಅಂದರೆ ಕೊಬ್ಬು, ಬೆಣ್ಣೆ ಮೆತ್ತಿದ ಹಾಗೆ. ಅವನ ಕೈಯಲ್ಲಿ ಎರಡು ಹಿಡಿಯ ಉದ್ದ ಕತ್ತಿ. ಒಂದು ಅಂಚು ಹರಿತ, ಇನ್ನೊಂದು ಮೊಂಡು. ಕಿವಿಯ ಹಿಂದೆ, ಕುತ್ತಿಗೆಯ ಮೇಲೆ ಗಟ್ಟಿ ನಾರು ಇರುವಲ್ಲಿ ಮಾತ್ರ ಹರಿತ ಅಂಚಿನಿಂದ ಹಗುರವಾಗಿ ಹೆರೆದ. ಆಮೇಲೆ ಕತ್ತಿ ತಿರುಗಿಸಿ ಮೊಂಡು ಅಂಚಿನಿಂದ ಬಾಲದ ಕಡೆಗೆ ದೂಡುತ್ತಾ ಹೋದ. ಕೊಬ್ಬು ಸುರುಳಿ ಸುರುಳಿಯಾಗಿ ಇಳಿಯಿತು. ಅವನಿಗೆ ತುಪ್ಪಳ ಉಳಿಯಬೇಕು. ಆಳಕ್ಕೆ ಕೆರೆದರೆ ಕೂದಲಿನ ಬೇರು ಕತ್ತರಿಸಿ ತುಪ್ಪಳ ಉದುರುತ್ತದೆ. ನನಗೆ ಕೂದಲು ಬೇಡವೇ ಬೇಡ. ಆದರೂ ಹೇಳಿದ ಪಾಠ ಅಪ್ಪನದ್ದೇ ಅಲ್ವಾ?

ಅಂಥ ಕತ್ತಿ ಇಲ್ಲಿ ಯಾವ ಅಂಗಡಿಯಲ್ಲೂ ಸಿಗಲಿಲ್ಲ. ಮಾಪುಸಾದ ಶುಕ್ರವಾರದ ಸಂತೆ ಪೂರ್ತಿ ಸುತ್ತಿದೆ. ಕೊಯ್ತಾ, ಕುಡುಗೋಲು, ಮೀನು ಹೆಚ್ಚುವ ಈಳಿಗೆ, ಎಲ್ಲಾ ಇದ್ದವು. ಮೊಂಡು ಕತ್ತಿ ಕೇಳಿದರೆ ನನ್ನ ಮುಖವನ್ನೇ ನೋಡಿದರು. ಕೊನೆಗೆ ರಸ್ತೆ ಬದಿ ಕುಲುಮೆ ಹಾಕಿದ್ದ ಕಮ್ಮಾರ ಗಂಡ ಹೆಂಡತಿ ಲಾರಿಯ ಹಳೇ ಕಮಾನ್ ಪಟ್ಟಿಯಲ್ಲಿ ಮಾಡಿಕೊಟ್ಟರು. ಅವನು ಇಕ್ಕಳದಲ್ಲಿ ಹಿಡಿದ, ಅವಳು ಸುತ್ತಿಗೆ ಬೀಸಿದಳು. ಒಂದೂಕಾಲು ಅಡಿ ಅಲಗು, ಎರಡೂ ತುದಿಗೆ ಹಿಡಿ. ಒಂದು ಅಂಚನ್ನು ಸಾಣೆ ಹಿಡಿಯಬೇಡ ಅಂತ ಮೂರು ಸಲ ಹೇಳಿದೆ. ಅವನು ಬೇಜಾರಿನಿಂದಲೇ ಬಿಟ್ಟ.

ತೂಕ ಇದೆ. ಅದೇ ಒಳ್ಳೆಯದು. ಹಗುರ ಕತ್ತಿ ಚರ್ಮದ ಮೇಲೆ ಕುಣಿಯುತ್ತದೆ. ಭಾರದ್ದು ಕೂತು ನಡೆಯುತ್ತದೆ, ನಾವು ಸುಮ್ನೆ ದೂಡಿದರೆ ಸಾಕು.

ಮರದ ದಿಮ್ಮಿಯ ಬದಲು ಒಂದು ಹಲಗೆಗೆ ಆರಿಂಚಿನ ಪಿವಿಸಿ ಪೈಪ್ ಬಿಗಿದೆ. ಪ್ಲಂಬರ್ ಮನೆಯಲ್ಲಿ ಅದಕ್ಕೇನು ಬರ? ಪೈಪು ನುಣ್ಣಗಿರುವುದೇ ಲಾಭ. ಅಡಿಯಲ್ಲಿ ಒಂದು ಅಕ್ಕಿ ಕಾಳು ಸಿಕ್ಕಿಕೊಂಡರೂ ಅಲ್ಲಿ ಚರ್ಮ ಉಬ್ಬುತ್ತದೆ, ಕತ್ತಿ ಉಬ್ಬನ್ನೇ ಕಚ್ಚುತ್ತದೆ. ಹಲಗೆಯ ಒಂದು ತುದಿ ನೆಲಕ್ಕೆ, ಇನ್ನೊಂದು ಹೊಟ್ಟೆಯ ಎತ್ತರಕ್ಕೆ. ಚರ್ಮದ ಅಂಚನ್ನು ಹೊಟ್ಟೆಗೂ ಪೈಪಿಗೂ ನಡುವೆ ಒತ್ತಿ ಹಿಡಿದು ಕುತ್ತಿಗೆಯಿಂದ ಶುರು ಮಾಡಿದೆ. ಕತ್ತಿಯನ್ನು ಹೆಚ್ಚುಕಡಿಮೆ ನೆಟ್ಟಗೆ ನಿಲ್ಲಿಸಿ ದೂಡಿದೆ. ಮಲಗಿಸಿದರೆ ಅದು ಕೊಯ್ಯಲು ನೋಡುತ್ತದೆ. ಪೊರೆ ಮೊದಲು ಸುಕ್ಕಾಯಿತು. ಆಮೇಲೆ ಹಾಲಿನ ಕೆನೆ ಸರಿದ ಹಾಗೆ ಒಟ್ಟಿಗೆ ಸರಿಯಿತು. ಅಡಿಯಿಂದ ನೀಲಿ ಛಾಯೆಯ ಬಿಳಿ ಚರ್ಮ ಕಂಡಿತು. ಸದ್ದೂ ಬದಲಾಗುತ್ತದೆ ನೋಡಿ. ಮಾಂಸ ಇರುವವರೆಗೆ ಪಚಪಚ, ಮುಗಿದ ಮೇಲೆ ಕೀರ್ ಅನ್ನುತ್ತದೆ.

ಹರಿತ ಅಂಚು ಬೇಕಾಗಿದ್ದು ಕುತ್ತಿಗೆಯಲ್ಲಿ ಮಾತ್ರ, ಅಂಗೈಯಷ್ಟು ಜಾಗಕ್ಕೆ.

ಸುಣ್ಣ ಹೋಗುವವರೆಗೆ ತೊಳೆದು, ಒದ್ದೆಯಿರುವಾಗಲೇ ಮಡಕೆಗೆ ಎಳೆದು ಹಗ್ಗ ಸುತ್ತಿದೆ. ಹೊರಗೆ ಮಳೆ, ಹಾಗಾಗಿ ನಡುಮನೆಯಲ್ಲಿ ಫ್ಯಾನಿನ ಕೆಳಗೆ ಮೂರು ದಿನ. ಹೆಂಡತಿ ಮತ್ತೆ ಮಾತು ಬಿಟ್ಟಳು. ನಾಲ್ಕನೇ ದಿನ ಅವಳೇ ಕಸ ಗುಡಿಸುತ್ತಾ ಬೆರಳಿನಿಂದ ಒಮ್ಮೆ ತಟ್ಟಿದಳು. ಘುಂ ಅಂತು. ಇನ್ನೊಮ್ಮೆ ತಟ್ಟಿದಳು.

ಈ ವರ್ಷ ಗೆಳೆಯ ಮೂರು ಮಡಕೆ ತಂದಿಟ್ಟಿದ್ದಾನೆ. ಅಪ್ಪ ಕತ್ತಿಯ ಫೋಟೋ ಕಳಿಸು ಅಂದಿದ್ದರು, ಕಳಿಸಿದೆ. “ಹಿಡಿ ಇನ್ನೊಂದೀಟು ಉದ್ದ ಬೇಕಿತ್ತು” ಅಂದರು.