ಹಡಗು ಹತ್ತಿದ ಮೇಲೆ ಮನೆಯ ನಂಟು ಉಳಿಯುತ್ತಿತ್ತಾ?

ಹಳೇ ಕಾಲದ ವ್ಯಾಪಾರಿಗಳ ಪತ್ರಗಳ ಬಗ್ಗೆ ನಾನು ಬಾಯಿ ತೆರೆದಾಗಲೆಲ್ಲ ಒಂದು ಪ್ರಶ್ನೆ ಬಂದೇ ಬರುತ್ತದೆ. "ಐರ್ಲೆಂಡ್ ಬಿಟ್ಟು ಫ್ರಾನ್ಸಿಗೋ ಅಮೆರಿಕಕ್ಕೋ ಹೋಗಿ ವ್ಯಾಪಾರ ಶುರು ಮಾಡಿದವರು ಊರಿನವರ ಜೊತೆ ಸಂಪರ್ಕ ಹೇಗೆ ಇಟ್ಟುಕೊಳ್ಳುತ್ತಿದ್ದರು? ಹಡಗು ಹತ್ತಿದರೆ ಅಲ್ಲಿಗೆ ಮುಗೀತು, ಅಲ್ವಾ?"

ಮುಗಿಯುತ್ತಿರಲಿಲ್ಲ. ಕೂಲಿಗೆ ಹೋದ ಬಡವನ ಪಾಲಿಗೆ ಎಷ್ಟೋ ಸಲ ಹಾಗೇ ಆಗುತ್ತಿತ್ತು, ನಿಜ. ವ್ಯಾಪಾರಿಯ ಕತೆ ಬೇರೆ. ಅವನ ಸರಕು ಹೋಗುವ ಹಡಗಿನಲ್ಲೇ ಅಮ್ಮನಿಗೆ ಬರೆದ ಪತ್ರವೂ ಹೋಗುತ್ತಿತ್ತು. ಆಚೆ ದಡದಲ್ಲಿ ಸರಕು ಇಳಿಸಿಕೊಳ್ಳುವವನು ಬಹಳ ಸಲ ಅಣ್ಣನೋ ಭಾವನೋ ಸೋದರಳಿಯನೋ ಆಗಿರುತ್ತಿದ್ದ. ನಂಬಿಕೆ ಇಲ್ಲದೆ ಸಾಲ ಹುಟ್ಟದ ಕಾಲ ಅದು. ಹಾಗಾಗಿ ಮನೆಯ ನಂಟು ಕಡಿದರೆ ವ್ಯಾಪಾರವೂ ಕಡಿಯುತ್ತಿತ್ತು.

ಇದಕ್ಕೆ ನನಗೆ ಗೊತ್ತಿರುವ ಅತಿ ಒಳ್ಳೆಯ ಸಾಕ್ಷಿ 'ಟೂ ಸಿಸ್ಟರ್ಸ್' ಅನ್ನುವ ಡಬ್ಲಿನ್ನಿನ ಹಡಗು. 1757ರಲ್ಲಿ ಅದು ಫ್ರಾನ್ಸಿನ ಬೋರ್ಡೋ ಬಂದರಿನಿಂದ ವೈನ್ ತುಂಬಿಕೊಂಡು ಊರಿಗೆ ಹೊರಟಿತ್ತು. ಬ್ರಿಟನ್ನಿಗೂ ಫ್ರಾನ್ಸಿಗೂ ಆಗ ಯುದ್ಧ. ದಾರಿಯಲ್ಲಿ ಬ್ರಿಟಿಷರೇ ಅದನ್ನು ಹಿಡಿದರು. ಹಿಡಿದದ್ದು ನ್ಯಾಯವೋ ಅಲ್ಲವೋ ಅಂತ ತೀರ್ಮಾನಿಸಲು ಹಡಗಿನ ಕಾಗದಪತ್ರವೆಲ್ಲ ಲಂಡನ್ನಿನ ನೌಕಾ ನ್ಯಾಯಾಲಯಕ್ಕೆ ಹೋಯಿತು. ಜೊತೆಗೆ ಅಂಚೆ ಚೀಲವೂ ಹೋಯಿತು. ಬೋರ್ಡೋದಲ್ಲಿದ್ದ ಐರಿಷ್ ಜನ ಮನೆಗೆ ಬರೆದಿದ್ದ ಸುಮಾರು 125 ಪತ್ರಗಳು ಯಾರ ಕೈಗೂ ಸೇರದೆ ದಫ್ತರದಲ್ಲಿ ಬಿದ್ದವು. 2011ರಲ್ಲಿ ಇತಿಹಾಸಕಾರ ಥಾಮಸ್ ಟ್ರಕ್ಸಸ್ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿ ಅವನ್ನು ಕಂಡಾಗ ಎಷ್ಟೋ ಪತ್ರಗಳ ಅರಗಿನ ಮುದ್ರೆ ಕೂಡ ಒಡೆದಿರಲಿಲ್ಲ. ಎರಡೂವರೆ ಶತಮಾನ ಯಾರೂ ಓದದ ಪತ್ರಗಳು! ವ್ಯಾಪಾರಿಗಳದ್ದಷ್ಟೇ ಅಲ್ಲ, ಪಾದ್ರಿಗಳು, ಮನೆಗೆಲಸದ ಹೆಂಗಸರು ಬರೆದದ್ದೂ ಅದರಲ್ಲಿವೆ. ವ್ಯಾಪಾರಿಯ ಹಡಗು ಹೊರಡುತ್ತದೆ ಅಂದರೆ ಇಡೀ ಓಣಿಯೇ ಪತ್ರ ಬರೆಯಲು ಕೂರುತ್ತಿತ್ತು ಅಂತ ಇದರಿಂದ ಗೊತ್ತಾಗುತ್ತದೆ.

ಆಗಿನ ಪತ್ರ ಹೇಗಿರುತ್ತಿತ್ತು ಅಂದರೆ, ಸಾಮಾನ್ಯವಾಗಿ ಒಂದೇ ಹಾಳೆ. ಲಕೋಟೆ ಇಲ್ಲ, ಯಾಕೆಂದರೆ ಅಂಚೆ ಹಾಳೆಗಳನ್ನು ಎಣಿಸಿ ದುಡ್ಡು ಕೇಳುತ್ತಿತ್ತು, ಲಕೋಟೆಯೂ ಒಂದು ಹಾಳೆಯ ಲೆಕ್ಕ. ಹಾಳೆಯನ್ನೇ ಮಡಚಿ, ಅಂಚನ್ನು ಒಳಗೆ ಸಿಕ್ಕಿಸಿ, ಅರಗು ಇಳಿಸಿ ಮುದ್ರೆ ಒತ್ತುವುದು. ಹೊರಗೆ ವಿಳಾಸ, ಕೆಳಗೆ ಹಡಗಿನ ಮತ್ತು ಕ್ಯಾಪ್ಟನ್ನಿನ ಹೆಸರು, ಕೆಲವೊಮ್ಮೆ ಅದರ ಪಕ್ಕದಲ್ಲಿ 'ದೇವರು ಇವನನ್ನು ಕಾಯಲಿ' ಅನ್ನುವ ಅರ್ಥದ ಮೂರು ಲ್ಯಾಟಿನ್ ಅಕ್ಷರ. ಅದು ಬರೀ ಶಾಸ್ತ್ರಕ್ಕೆ ಬರೆದದ್ದಲ್ಲ. ಯುದ್ಧಕಾಲದಲ್ಲಿ ಮುಖ್ಯವಾದ ಪತ್ರವನ್ನು ಎರಡು ಮೂರು ಪ್ರತಿ ಮಾಡಿ ಬೇರೆ ಬೇರೆ ಹಡಗಿನಲ್ಲಿ ಕಳಿಸುತ್ತಿದ್ದರು. ಒಂದು ಮುಳುಗಿದರೂ ಇನ್ನೊಂದು ತಲುಪಲಿ ಅಂತ.

ಅಟ್ಲಾಂಟಿಕ್ ದಾಟಿದವರ ಪತ್ರಗಳಿಗೆ ಋತು ಇತ್ತು. ಕಾರಣ ಅಗಸೆ ಬೀಜ. ಹೌದು, ನಮ್ಮ ಕಡೆ ಅಗಸಿ ಚಟ್ನಿ ಮಾಡುವ ಅದೇ ಬೀಜ. ಲಿನೆನ್ ಅಂದರೆ ಅಗಸೆ ಗಿಡದ ನಾರಿನಿಂದ ನೇಯುವ ಬಟ್ಟೆ. ಅದಕ್ಕೆ ನಯವಾದ ನೂಲು ಬೇಕಾದರೆ ಗಿಡವನ್ನು ಬೀಜ ಬಲಿಯುವ ಮೊದಲೇ ಕೀಳಬೇಕು. ಹಾಗೆ ಕಿತ್ತ ಐರ್ಲೆಂಡಿನ ರೈತನಿಗೆ ಮುಂದಿನ ವರ್ಷದ ಬಿತ್ತನೆಗೆ ಬೀಜವೇ ಇಲ್ಲ. ನ್ಯೂಯಾರ್ಕ್, ಫಿಲಡೆಲ್ಫಿಯಾಗಳಿಂದ ವರ್ಷದ ಕೊನೆಗೆ ಬೀಜದ ಹಡಗುಗಳು ಹೊರಡುತ್ತಿದ್ದವು, ವಸಂತದ ಬಿತ್ತನೆಗೆ ತಲುಪುವಂತೆ. ವಾಪಸ್ ಬರುವಾಗ ಲಿನೆನ್ನೂ ವಲಸೆ ಹೋಗುವ ಜನರೂ. ಪತ್ರಗಳು ಹೋಗಿಬರುತ್ತಿದ್ದದ್ದೂ ಇವೇ ಹಡಗುಗಳಲ್ಲಿ. ಉತ್ತರ ಐರ್ಲೆಂಡಿನ ಆಂಟ್ರಿಮ್ ಕಡೆಯ ವಾಡೆಲ್ ಕನಿಂಗ್‌ಹ್ಯಾಮ್ ನ್ಯೂಯಾರ್ಕಿನಲ್ಲಿ ಕೂತು, ಬೆಲ್‌ಫಾಸ್ಟಿನ ಥಾಮಸ್ ಗ್ರೆಗ್ ಜೊತೆ ಪಾಲುದಾರಿಕೆಯಲ್ಲಿ ಇದೇ ವ್ಯಾಪಾರ ಮಾಡಿದ. ಅವರ 1756–57ರ ಪತ್ರಗಳ ನಕಲು ಪುಸ್ತಕ ಉಳಿದಿದೆ. ಆಮೇಲೆ ಕನಿಂಗ್‌ಹ್ಯಾಮ್ ಗ್ರೆಗ್‌ನ ಹೆಂಡತಿಯ ತಂಗಿಯನ್ನು ಮದುವೆಯಾಗಿ, ಬೆಲ್‌ಫಾಸ್ಟಿಗೆ ಮರಳಿ, 1783ರಲ್ಲಿ ಅಲ್ಲಿನ ವಾಣಿಜ್ಯ ಮಂಡಳಿಯ ಮೊದಲ ಅಧ್ಯಕ್ಷನೂ ಆದ. ಇವರಿಬ್ಬರಿಗೆ ಕೆರಿಬಿಯನ್ ದ್ವೀಪ ಡೊಮಿನಿಕಾದಲ್ಲಿ ಗುಲಾಮರು ದುಡಿಯುವ ತೋಟವಿತ್ತು. ಅದನ್ನು ಮುಚ್ಚಿಟ್ಟು ಇವರನ್ನು ಹೊಗಳಲು ನನ್ನಿಂದ ಆಗುವುದಿಲ್ಲ.

ಇಷ್ಟು ಹೇಳಿದ ಮೇಲೆ ಕೆಲವರು ಕೇಳುತ್ತಾರೆ: "ಬರೀ ದುಡ್ಡಿನ ಮಾತೇ ಜಾಸ್ತಿ ಆಯ್ತಲ್ಲ, ಪ್ರೀತಿ ಎಲ್ಲಿ?" ಇದನ್ನು ಕೇಳಿದಾಗ ನನಗೆ ಬೇಜಾರಾಗುತ್ತದೆ. ತಮ್ಮನನ್ನು ಕೆಲಸ ಕಲಿಯಲು ಕರೆಸಿಕೊಳ್ಳುವುದು, ತಂಗಿಯ ಮದುವೆಗೆ ಹುಂಡಿ (ತೋರಿಸಿ ಹಣ ಪಡೆಯುವ ಚೀಟಿ) ಕಳಿಸುವುದು ಪ್ರೀತಿ ಅಲ್ಲದೆ ಇನ್ನೇನು? ಐರ್ಲೆಂಡಿನ ಫರ್ಮಾನಾದಿಂದ ಬಂದು 1725ರಲ್ಲಿ ಬೋರ್ಡೋದಲ್ಲಿ ವೈನ್ ವ್ಯಾಪಾರ ಶುರು ಮಾಡಿದ ಥಾಮಸ್ ಬಾರ್ಟನ್‌ನನ್ನೇ ನೋಡಿ. ಊರಿನವರು ಅವನನ್ನು 'ಫ್ರೆಂಚ್ ಟಾಮ್' ಅನ್ನುತ್ತಿದ್ದರು. ಪರದೇಶಿ ಸತ್ತರೆ ಅವನ ಆಸ್ತಿ ರಾಜನಿಗೆ ಸೇರಬೇಕು ಅಂತ ಫ್ರಾನ್ಸಿನಲ್ಲಿ ಆಗ ಕಾನೂನಿತ್ತು. ಅದಕ್ಕೇ ಅವನು ಐರ್ಲೆಂಡಿನ ಟಿಪ್ಪರರಿಯಲ್ಲಿ ಜಮೀನು ಕೊಂಡ. ದುಡಿದದ್ದು ಫ್ರಾನ್ಸಿನಲ್ಲಿ, ಮಕ್ಕಳು ಮೊಮ್ಮಕ್ಕಳಿಗೆ ಅಂತ ಇಟ್ಟದ್ದು ಊರಿನ ನೆಲದಲ್ಲಿ.

ಬಾರ್ಟನ್ ಪ್ರಾಟೆಸ್ಟೆಂಟ್. ಕ್ಯಾಥೊಲಿಕ್ ಮನೆಗಳವರಿಗೆ ಈ ದಾರಿಯೂ ಇರಲಿಲ್ಲ. 1704ರ ಕಾನೂನಿನ ಪ್ರಕಾರ ಅವರು ಐರ್ಲೆಂಡಿನಲ್ಲಿ ಜಮೀನು ಕೊಳ್ಳುವಂತೆಯೇ ಇರಲಿಲ್ಲ. ಅವರ ಎಷ್ಟೋ ಗಂಡುಮಕ್ಕಳು ಹೊರದೇಶದ ಬಂದರುಗಳಿಗೆ ಹೋದದ್ದಕ್ಕೆ ಇಂಥ ಕಾನೂನುಗಳೂ ಕಾರಣ.

ನೂರು ವರ್ಷ ದಾಟಿ ಬಂದರೆ ಅಲೆಕ್ಸಾಂಡರ್ ಸ್ಟೂವರ್ಟ್ ಸಿಗುತ್ತಾನೆ. ಬೆಲ್‌ಫಾಸ್ಟ್ ಹತ್ತಿರದ ಲಿಸ್ಬರ್ನ್ ಬಳಿ ಹುಟ್ಟಿದವನು. 1823ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಐರಿಷ್ ಲೇಸು, ಲಿನೆನ್ ಇಟ್ಟುಕೊಂಡು ಸಣ್ಣ ಅಂಗಡಿ ತೆರೆದು, 1846ರ ಹೊತ್ತಿಗೆ ಅಮೃತಶಿಲೆಯ ದೊಡ್ಡ ಮಳಿಗೆಯನ್ನೇ ಕಟ್ಟಿದ. ಅಮೆರಿಕದ ಅಂತರ್ಯುದ್ಧದಿಂದ ಹತ್ತಿ ಬರುವುದು ನಿಂತು ಲಿಸ್ಬರ್ನಿನ ನೇಕಾರರು ಉಪವಾಸ ಬಿದ್ದಾಗ, 1863ರಲ್ಲಿ ಅವನು ಹಿಟ್ಟಿನ ಪೀಪಾಯಿ ತುಂಬಿದ ಹಡಗನ್ನು ಊರಿಗೆ ಕಳಿಸಿದ. ವಾಪಸ್ ಬರುವ ಅದೇ ಹಡಗಿನಲ್ಲಿ, ಬರಲು ಮನಸ್ಸಿದ್ದ ನೇಕಾರರಿಗೆ ಪುಕ್ಕಟೆ ಜಾಗ ಕೊಟ್ಟ.